ಸಾಲಿಗೆ ಹೋಗೂ ಮೊದಲ ಕೂಸಿಗೊಂದ ಕಥಿ ಹೇಳ್ರಿ: ಅಂಜಿಕಿ ಕಡಿಮಿ ಮಾಡೂದು ಹೆಂಗ

ಮೇ ಮುಗದು ಜೂನ್ ಬಂತಂದ್ರ ನಮ್ಮ ಬಾಗಲಕೋಟಿ ನವನಗರದಾಗ ಮುಂಜಾನೆ ಯಾವ ಸೆಕ್ಟರ್‌ಗೆ ಹೋದ್ರೂ ಒಂದಾದ್ರೂ ಗೇಟ್ ಮುಂದ ಕೂಸು ಅವ್ವನ ಸೆರಗ ಹಿಡಕೊಂಡ ಅಳೂದು ಕೇಳ್ತೈತಿ. ಅಂಗನವಾಡಿ ಇರ್ಲಿ, ನರ್ಸರಿ ಇರ್ಲಿ, ಪ್ಲೇ ಹೋಮ್ ಇರ್ಲಿ, ಎಲ್ಲಾ ಕಡಿ ಇದ ಹಾಡು. ನಾನು ಇಂಥಾ ಸಣ್ಣ ಮಕ್ಕಳ ಜೋಡಿ ಕೆಲಸ ಮಾಡಾಕಿ, ಹಿಂಗಾಗಿ ಅವ್ವ-ಅಪ್ಪಂದ್ರು ನನ್ನ ಕೇಳೂದು ಒಂದ ಪ್ರಶ್ನಿ: "ಮೇಡಮ್ಮಾರ, ಮನ್ಯಾಗ ಏನರ ತಯಾರಿ ಮಾಡಸಬೇಕೇನ್ರಿ?" ಎಬಿಸಿಡಿ ಕಲಸಬ್ಯಾಡ್ರಿ, ಕಥಿ ಹೇಳ್ರಿ ಅಂತೀನಿ ನಾನು.

ಆದ್ರ ಎಂಥಾ ಕಥಿ ಅನ್ನೂದು ಮುಖ್ಯ ಐತಿ. "ಸಾಲಿ ಅಂದ್ರ ಭಾಳ ಛಲೋ ಇರ್ತೈತಿ, ಆಟದ ಸಾಮಾನು ಇರ್ತಾವು, ಅಲ್ಲಿ ಯಾರೂ ಅಳಂಗಿಲ್ಲ" ಅಂತ ಹೇಳಿ ಕಳಿಸಿದ್ರ ಕೂಸು ಮೊದಲ್ನೇ ದಿನಾನ ಅಲ್ಲಿ ನಾಕು ಮಕ್ಕಳು ಬಾಯಿ ಬಿಟ್ಟು ಅಳೂದು ನೋಡ್ತೈತಿ, ಅವ್ವ ಹೇಳಿದ್ದು ಖರೇ ಅಲ್ಲ ಅಂತ ಅದಕ್ಕ ಗೊತ್ತಾಗ್ತೈತಿ, ಆಮ್ಯಾಲ "ನಾ ವಾಪಸ್ ಬರ್ತೀನಿ" ಅಂತ ನೀವು ಹೇಳಿದ್ದನ್ನೂ ಅದು ನಂಬಂಗಿಲ್ಲ. ಅದಕ್ಕ ಕಥಿಯೊಳಗ ಅಳು ಇರಬೇಕು, ಅಂಜಿಕಿ ಇರಬೇಕು, ನಿಮ್ಮ ಕೂಸಿಗೆ ಯಾವ ಅಂಜಿಕಿ ಐತೋ ಅದ ಅಂಜಿಕಿ ಇರಬೇಕು, ಮತ್ತ ಕಡೀಕ ಹೋದಾಕಿ ವಾಪಸ್ ಬಂದದ್ದು ಇರಬೇಕು. ಇಷ್ಟ ತಲ್ಯಾಗ ಇಟ್ಕೋರಿ, ಉಳದದ್ದು ಒಂದೊಂದ ಬಿಡಿಸಿ ಹೇಳ್ತೀನಿ.

ಮೊದಲ: ಅಂಜಿಕಿ ಯಾವುದರದು ಅಂತ ತಿಳಕೋರಿ

ಅವ್ವನ್ನ ಬಿಟ್ಟಿರಾಕ ಅಂಜೂದು ರೋಗ ಅಲ್ಲ, ಹಠಾನೂ ಅಲ್ಲ. ಎಂಟು-ಒಂಬತ್ತು ತಿಂಗಳಿನ ಹೊತ್ತಿಗೆ ಇದು ಶುರು ಆಗ್ತೈತಿ, ಒಂದು-ಒಂದೂವರಿ ವರ್ಷದ ಸುಮಾರಿಗೆ ಜೋರಾಗ್ತೈತಿ, ಮೂರು ವರ್ಷದ ಹೊತ್ತಿಗೆ ಭಾಳ ಮಕ್ಕಳಿಗೆ ತಗ್ಗತೈತಿ. ಆದ್ರ ಹೊಸ ಜಾಗ, ಹೊಸ ಮಂದಿ ಅಂದಕೂಡ್ಲೆ ಮತ್ತ ಏಳ್ತೈತಿ, ನಾವು ಅಂಗನವಾಡಿಗೆ ಕಳಸೂ ವಯಸ್ಸೂ ಸರಿಯಾಗಿ ಅದ ಮೂರು ವರ್ಷ. ಹಂಗಾಗಿ "ಪಕ್ಕದ ಮನಿ ಹುಡುಗ ನೋಡು ಹೆಂಗ ಹೋಗ್ತಾನ, ನೀನ ಯಾಕ ಹಿಂಗ" ಅನ್ನೂದರಾಗ ಅರ್ಥ ಇಲ್ಲ.

ಅವ್ವನ್ನ ಬಿಟ್ಟಿರೂದರ ಜೋಡಿ ಬ್ಯಾರೆ ಅಂಜಿಕಿನೂ ಇರ್ತಾವು, ಇವನ್ನ ನಾವು ಲಕ್ಷ್ಯಕ್ಕ ತಗೊಳ್ಳಂಗಿಲ್ಲ. ಒಂದಕ್ಕ ಬಂದ್ರ ಯಾರಿಗೆ ಹೇಳ್ಲಿ, ಚಡ್ಡಿ ಯಾರು ಬಿಚ್ತಾರ. ಅನ್ನ ಯಾರು ಕಲಸಿ ಕೊಡ್ತಾರ. ಯಾರರ ನನ್ನ ಡಬ್ಬಿ ಕಸಗೊಂಡ್ರ. ಟೀಚರ್ ಹೊಡದ್ರ. ಮನ್ಯಾಗ ಹೊಸ ತಮ್ಮ ಹುಟ್ಟಿದ್ರಂತೂ ಕೇಳಬ್ಯಾಡ್ರಿ, "ನಾ ಇಲ್ಲದಾಗ ಅವ್ವ ಅವನ್ನ ಅಷ್ಟ ಎತ್ತಿಗೊಂಡ ಕುಂದರ್ತಾಳ" ಅನ್ನೂದು ಕೂಸಿನ ತಲಿ ತುಂಬಾ ಇರ್ತೈತಿ, ಆದ್ರ ಅದು ಬಾಯಿ ಬಿಟ್ಟ ಹೇಳಂಗಿಲ್ಲ, "ಹೊಟ್ಟಿ ನೋಯಾಕತ್ತೈತಿ" ಅಂತೈತಿ ಅಷ್ಟ.

"ಯಾಕ ಅಂಜ್ತಿ?" ಅಂತ ನೆಟ್ಟಗ ಕೇಳಿದ್ರ ಮೂರು ವರ್ಷದ ಕೂಸಿಗೆ ಉತ್ತರ ಬರಂಗಿಲ್ಲ. ಬ್ಯಾರೆಯವರ ಬಗ್ಗೆ ಕೇಳ್ರಿ. ಕೈಯಾಗ ಒಂದ ಗೊಂಬಿ ಹಿಡ್ಕೊರಿ, ಗೋಕಾಕದ ಕಟ್ಟಿಗಿ ಗೊಂಬಿ ಇದ್ರ ಭಾಳ ಛಲೋ, ಇಲ್ಲಂದ್ರ ಒಂದ ಚಮಚಕ್ಕ ಅರಿವಿ ಸುತ್ತಿದ್ರೂ ನಡೀತೈತಿ. "ಈ ಕುರಿಮರಿ ಸಾಲಿಗೆ ಹೋಗಾಕ ಒಲ್ಲೆ ಅಂತೈತಿ, ಯಾಕಿರಬಹುದು?" ಅಂತ ಕೇಳಿ ಸುಮ್ನಾಗ್ರಿ. ನೀವ ಉತ್ತರ ಕೊಡಬ್ಯಾಡ್ರಿ. ಕೂಸು ಒಂದ ಸ್ವಲ್ಪ ಹೊತ್ತು ತಗೊಂಡು "ಅದಕ್ಕ ಅಲ್ಲಿ ಸಂಡಾಸ ಬ್ಯಾಡಂತ" ಅಂತೋ "ಅಲ್ಲಿ ದೊಡ್ಡ ಹುಡುಗ ಇದ್ದಾನಂತ" ಅಂತೋ ಹೇಳ್ತೈತಿ. ಅದು ಹೇಳಿದ್ದು ಕುರಿಮರಿದ ಅಲ್ಲ, ತನ್ನದು. ಆವಾಗ "ಛೀ, ಅದಕ್ಕೆಲ್ಲಾ ಯಾರರ ಅಂಜ್ತಾರೇನ" ಅನಬ್ಯಾಡ್ರಿ, "ಹೌದಾ, ಹಂಗ ಅನಸ್ತಂತ ಅದಕ್ಕ" ಅಂದು ಬಿಡ್ರಿ. ನಿಮಗ ಬೇಕಾದದ್ದು ಸಿಕ್ತು.

ಇನ್ನೊಂದ ಮಾತು, ಇದನ್ನ ನಾ ಕೈ ಮುಗದು ಹೇಳ್ತೀನಿ. ಮನ್ಯಾಗ ಊಟ ಮಾಡವಲ್ದು ಅಂದ್ರ "ಟೀಚರ್‌ಗೆ ಹೇಳ್ತೀನಿ ನೋಡು", ಹಠ ಮಾಡಿದ್ರ "ತಡಿ, ಸಾಲಿಗೆ ಹಾಕ್ತೀನಿ, ಅಲ್ಲಿ ಬುದ್ಧಿ ಕಲಸ್ತಾರ" ಅನ್ನೂದನ್ನ ಬಿಟ್ಟಬಿಡ್ರಿ. ವರ್ಷಗಟ್ಟಲೆ ಗುಮ್ಮನ ಬದಲಿ ಟೀಚರ್ ಹೆಸರು ಹೇಳಿ ಅಂಜಿಸಿದ ಮ್ಯಾಲ ಯಾವ ಕಥಿ ಹೇಳಿದ್ರೂ ಆ ಕೂಸಿಗೆ ನಮ್ಮ ಮಾರಿ ನೋಡಿದ ಕೂಡ್ಲೆ ಎದಿ ಹಾರ್ತೈತಿ.

ಆಮ್ಯಾಲ: ಕಥಿ ಕಟ್ಟೂದು

ಪುಸ್ತಕ ಬೇಕು ಅಂತೇನಿಲ್ಲ. ನಿಮ್ಮ ಬಾಯಿಲೆ ಹುಟ್ಟಿದ ಕಥಿನ ಛಲೋ, ಯಾಕಂದ್ರ ಅದರಾಗ ನಿಮ್ಮ ಕೂಸಿನ ಅಂಜಿಕಿ ಹಾಕಬಹುದು, ನಿಮ್ಮ ಓಣಿ ಹಾಕಬಹುದು, ನಿಮ್ಮ ಸಾಲಿ ಗೇಟಿನ ಬಣ್ಣ ಹಾಕಬಹುದು.

ಕಥಿ ನಾಯಕ ನಿಮ್ಮ ಕೂಸ ಆಗೂದು ಬ್ಯಾಡ. ಭಾಳ ಅಂಜಿದ ಕೂಸಿಗೆ ತನ್ನ ಹೆಸರಿಂದ ಕಥಿ ಹೇಳಿದ್ರ ಅದು ಕಿವಿ ಮುಚ್ಚಿಗೊಂತೈತಿ, ಅದ ಕಥಿ ಕುರಿಮರಿದೋ ಗುಬ್ಬಿದೋ ಅಳಿಲಿಂದೋ ಆದ್ರ ದೂರ ನಿಂತು ನೋಡಾಕ ಅದಕ್ಕ ಧೈರ್ಯ ಬರ್ತೈತಿ. ಒಂದ ಕಥಿಯೊಳಗ ಒಂದ ಅಂಜಿಕಿ. ಸಂಡಾಸದ್ದು, ಡಬ್ಬಿದು, ಅವ್ವನದು ಎಲ್ಲಾ ಒಂದ ಕಥ್ಯಾಗ ತುರಕಿದ್ರ ಇಲ್ಲದ ಅಂಜಿಕಿ ನಾವ ಕಲಿಸಿಧಂಗ ಆಗ್ತೈತಿ.

ಕಥಿ ಐದು ನಿಮಿಷದ್ದು ಸಾಕು. ಮುಂಜಾನೆ ಮನಿ, ಬಿಟ್ಟು ಹೋಗೂ ಗಳಿಗಿ, ಅಂಜಿಕಿ ಮತ್ತ ಅಳು, ಒಂದ ಸಣ್ಣ ಆಸರ, ಆಮ್ಯಾಲ ವಾಪಸ್ ಬರೂದು. ಇದು ಕ್ರಮ. ಇದರಾಗ ಕಡೀದನ್ನ ಎಂದೂ ಬಿಡಬ್ಯಾಡ್ರಿ. ಕರೆಂಟ್ ಹೋಗ್ಲಿ, ಫೋನ್ ಬರ್ಲಿ, ಕೂಸಿಗೆ ನಿದ್ದಿ ಹತ್ಲಿ, "ಆಮ್ಯಾಲ ಅವ್ವ ಬಂದಳು" ಅನ್ನೂತನಕ ಹೇಳಿ ಮುಗಸ್ರಿ. ನಡುವ ನಿಂತ ಕಥಿ ಅಂದ್ರ ಆ ಕೂಸಿನ ಪಾಲಿಗೆ ಅವ್ವ ಬರಲೇ ಇಲ್ಲ.

ನಾ ಹೇಳೂ ಕಥಿ ಒಂದ ಇಲ್ಲಿ ಕೊಡ್ತೀನಿ, ನಿಮಗ ಬೇಕಾಧಂಗ ತಿದ್ದಿಗೋರಿ.

*ಘಟಪ್ರಭಾ ಹೊಳಿ ದಂಡಿಗೆ ಒಂದ ಕುರಿ ಹಟ್ಟಿ ಇತ್ತು. ಅಲ್ಲಿ ಚುಕ್ಕಿ ಅಂತ ಒಂದ ಕುರಿಮರಿ ಇತ್ತು. ಮೈಯೆಲ್ಲಾ ಕರಿ, ಹಣಿ ಮ್ಯಾಲ ಅಷ್ಟ ಒಂದ ಬಿಳಿ ಚುಕ್ಕಿ. ಚುಕ್ಕಿಗೆ ಅವ್ವನ ಹೊಟ್ಟಿ ಕೆಳಗ ನಿಂದ್ರೂದಂದ್ರ ಭಾಳ ಸೇರ್ತಿತ್ತು, ಅಲ್ಲಿ ಬೆಚ್ಚಗ ಇರ್ತಿತ್ತು.*

*ಒಂದಿನ ಅವ್ವ ಹೇಳಿತು, "ಚುಕ್ಕಿ, ನಾಳಿಂದ ನಾ ಗುಡ್ಡಕ್ಕ ಮೇಯಾಕ ಹೋಗ್ತೀನಿ. ನೀ ಸಣ್ಣ ಮರಿಗಳ ಜೋಡಿ ಹಟ್ಟ್ಯಾಗ ಇರ್ತಿ. ನಿಮ್ಮನ್ನ ನೋಡಾಕ ಆಯಿ ಇರ್ತಾಳ. ಎಲಿ ತಿನ್ನು, ನೀರ ಕುಡಿ, ನೆಳ್ಳಾಗ ಮಲಗಿ ಏಳು, ಆಮ್ಯಾಲ ನಾ ಬರ್ತೀನಿ."*

*ಚುಕ್ಕಿ "ನಾ ಒಲ್ಲೆ" ಅಂತು. ಅವ್ವ ಅದರ ಹಣಿ ನೆಕ್ಕಿತು. ಮರುದಿನ ಮುಂಜಾನೆ ಮುತ್ಯಾ ಬಂದು ಹಟ್ಟಿ ಬಾಗಲಾ ತಗದ. ದೊಡ್ಡ ಕುರಿ ಎಲ್ಲಾ ಹೊರಗ ಹೋದುವು. ಅವ್ವ ಹೋಗೂ ಮುಂದ ಹೊಳ್ಳಿ ನೋಡಿ "ಬ್ಯಾ" ಅಂತು. ಚುಕ್ಕಿನೂ "ಬ್ಯಾ" ಅಂತು. ಬಾಗಲಾ ಮುಚ್ಚಿತು.*

*ಚುಕ್ಕಿಗೆ ಅಳು ಬಂತು. ಬ್ಯಾ, ಬ್ಯಾ, ಬ್ಯಾ ಅಂತ ಅತ್ತಿತು. ಪಕ್ಕದಾಗ ಇನ್ನೊಂದ ಮರಿನೂ ಅಳಾಕತ್ತಿತ್ತು. ಆಯಿ ಬಂದು ಬಾಜು ಕುಂತಳು. "ಅಳು ಬಂದ್ರ ಅಳಪಾ, ನಾ ಇಲ್ಲೇ ಕುಂತೀನಿ" ಅಂದಳು. ಚುಕ್ಕಿ ಅತ್ತು ಅತ್ತು ದಣೀತು. ಆಮ್ಯಾಲ ಮೂಗಿಗೆ ಎಲಿ ವಾಸನಿ ಬಂತು. ಒಂದ ಎಲಿ ತಿಂತು. ಅಳಾಕತ್ತಿದ್ದ ಇನ್ನೊಂದ ಮರಿನೂ ಬಂದು ಅದ ಟೊಂಗಿಯಿಂದ ಒಂದ ಎಲಿ ತಿಂತು. ಇಬ್ಬರೂ ನೀರ ಕುಡದರು. ನೆಳ್ಳಾಗ ಮಲಗಿದರು. ಎದ್ದರು.*

*ಎದ್ದು ನೋಡ್ತಾವು, ದೂರ ಧೂಳು ಎದ್ದೈತಿ! ಗಂಟಿ ಸಪ್ಪಳ ಬಂತು, ಢಣ್ ಢಣ್. ಹಟ್ಟಿ ಬಾಗಲಾ ತಗದರು. ಅಷ್ಟೆಲ್ಲಾ ಕುರಿ ಒಳಗ ಬಂದುವು, ಅಷ್ಟೂ ಕುರಿಯೊಳಗ ಚುಕ್ಕಿ ಅವ್ವ ಎಲ್ಲಿ? "ಬ್ಯಾ" ಅಂತು ಒಂದ ದನಿ. ಅದ ದನಿ! ಚುಕ್ಕಿ ಓಡಿ ಹೋಗಿ ಅವ್ವನ ಹೊಟ್ಟಿ ಕೆಳಗ ನಿಂತು ಹಾಲು ಕುಡೀತು. ಅವ್ವ ಅದರ ಹಣಿ ಮೂಸಿ ನೋಡಿತು, ಹೌದು, ಇದು ನನ್ನ ಚುಕ್ಕಿನ.*

ಕಥಿ ಇಷ್ಟ. ಇದು ಸುಳ್ಳ ಕಟ್ಟಿದ ಕಥಿ ಅಲ್ಲ ನೋಡ್ರಿ, ನಮ್ಮ ಕಡಿ ಯಾವ ಕುರಿ ಹಟ್ಟಿಗೆ ಹೋದ್ರೂ ಸಂಜಿಮುಂದ ಇದು ನಡೀತೈತಿ, ನೂರಾರು ಮರಿಯೊಳಗ ತಾಯಿ ಕುರಿ ತನ್ನ ಮರಿನ ವಾಸನಿ ಮತ್ತ ದನಿಯಿಂದ ಗುರ್ತ ಹಿಡೀತೈತಿ. ಸಾಧ್ಯ ಇದ್ರ ಒಂದ ಸಂಜಿ ಕೂಸಿನ್ನ ಕರಕೊಂಡು ಹೋಗಿ ತೋರಸ್ರಿ. ಕಥ್ಯಾಗ ಕೇಳಿದ್ದು ಕಣ್ಣಾರೆ ನೋಡಿದ್ರ ಅದು ಗಟ್ಟಿಯಾಗಿ ಉಳೀತೈತಿ.

ಕಥಿಯೊಳಗ ಯಾರೂ ಚುಕ್ಕಿಗೆ "ಅಳಬ್ಯಾಡ, ಶಾಣ್ಯಾ ಹೌದಿಲ್ಲೋ" ಅನ್ನಲಿಲ್ಲ. ಆಯಿ ಬಾಜು ಕುಂತಳು ಅಷ್ಟ. ಅವ್ವ "ಈಗ ಬಂದ್ನಿ" ಅಂತ ಸುಳ್ಳ ಹೇಳಲಿಲ್ಲ, ಯಾವುದರ ಆಮ್ಯಾಲ ಬರ್ತೀನಿ ಅಂತ ಹೇಳಿತು. ಇದು ಭಾಳ ಮುಖ್ಯ, ಯಾಕಂದ್ರ ಮೂರು-ನಾಕು ವರ್ಷದ ಮಕ್ಕಳಿಗೆ ಗಡಿಯಾರ ತಿಳೆಂಗಿಲ್ಲ, "ಹನ್ನೆರಡೂವರಿಗೆ ಬರ್ತೀನಿ" ಅಂದ್ರೂ ಒಂದ, "ಮುಂದಿನ ವಾರ ಬರ್ತೀನಿ" ಅಂದ್ರೂ ಒಂದ. ಆದ್ರ "ಹಾಡು ಆಗ್ತೈತಿ, ಆಟ ಆಗ್ತೈತಿ, ಊಟ ಆಗ್ತೈತಿ, ಊಟದ ಮ್ಯಾಲ ನಾ" ಅಂದ್ರ ತಿಳೀತೈತಿ. ಅದಕ್ಕ ಕಥಿ ಕಟ್ಟೂ ಮೊದಲ ನಿಮ್ಮ ಅಂಗನವಾಡಿ ಅಕ್ಕಾರನ್ನೋ ಟೀಚರನ್ನೋ ಕೇಳ್ಕೊರಿ, ದಿನದ ಕ್ರಮ ಹೆಂಗೈತಿ ಅಂತ, ಎಲಿ-ನೀರು-ನೆಳ್ಳು ಇದ್ದಲ್ಲಿ ಆ ಕ್ರಮ ಹಾಕ್ರಿ.

ಬ್ಯಾರೆ ಬ್ಯಾರೆ ಅಂಜಿಕಿಗೆ ಬ್ಯಾರೆ ಬ್ಯಾರೆ ಕಥಿ

ಸಂಡಾಸದ ಅಂಜಿಕಿ ಇದ್ರ ಕಥಿ ಸಣ್ಣದ ಮಾಡ್ರಿ: ಅಳಿಲಿಗೆ ಆಟದ ನಡುವ ಒಂದಕ್ಕ ಬಂತು, ಅದು ಕಾಲ ಒತ್ತಿ ಹಿಡ್ಕೊಂಡ ಕುಂತಿತು, ಆಮ್ಯಾಲ ಎದ್ದು ಟೀಚರ್ ಕೈ ಜಗ್ಗಿ "ಟೀಚರ್, ಒಂದಕ್ಕ" ಅಂತು, ಟೀಚರ್ ಕರಕೊಂಡ ಹೋದರು. ಹೋಗೂದರಾಗ ಚಡ್ಡಿ ಒದ್ದಿ ಆದದ್ದೂ ಒಂದ ಸಲ ಬರ್ಲಿ ಕಥಿಯೊಳಗ, ಟೀಚರ್ ಬಯ್ಯಲಿಲ್ಲ, ಬ್ಯಾಗಿನ್ಯಾಗಿನ ಇನ್ನೊಂದ ಚಡ್ಡಿ ಹಾಕಿದರು ಅಂತ. ಮತ್ತ ಖರೇನ ಬ್ಯಾಗಿನ್ಯಾಗ ಒಂದ ಚಡ್ಡಿ ಇಟ್ಟು ಕೂಸಿಗೆ ತೋರಸ್ರಿ. ಎಲಾಸ್ಟಿಕ್ ಚಡ್ಡಿ ಹಾಕ್ರಿ, ಬೆಲ್ಟು-ಗುಂಡಿ ಇದ್ದದ್ದು ಈಗ ಬ್ಯಾಡ.

ಗದ್ದಲಕ್ಕ ಅಂಜೂ ಮಕ್ಕಳು ಇರ್ತಾವು, ಇಪ್ಪತ್ತು ಮಕ್ಕಳು ಒಮ್ಮೆ ಚೀರಿದ್ರ ಅವು ಕಿವಿ ಮುಚ್ಚಿಗೊಂಡು ಮೂಲಿ ಸೇರ್ತಾವು. ಇವಕ್ಕ ನಾ ಗೋಲ್ ಗುಂಬಜ್‌ನ ಪಾರಿವಾಳದ ಕಥಿ ಹೇಳ್ತೀನಿ. ವಿಜಯಪುರದವರಿಗಂತೂ ಇದು ಮನಿ ಮುಂದಿನ ಮಾತು, 1656ರ ಸುಮಾರಿಗೆ ಕಟ್ಟಿ ಮುಗಿಸಿದ ಆ ಗುಂಬಜ್‌ದಾಗ ಮ್ಯಾಲಿನ ಗ್ಯಾಲರಿಯೊಳಗ ಒಂದ ಚಪ್ಪಾಳಿ ಹೊಡದ್ರ ಮತ್ತ ಮತ್ತ ಕೇಳ್ತೈತಿ, ಮೆಲ್ಲಕ ಮಾತಾಡಿದ್ದು ಆ ಕಡಿ ಗ್ವಾಡಿಗೆ ಕುಂತವರಿಗೆ ಕೇಳ್ತೈತಿ. ಸಣ್ಣ ಪಾರಿವಾಳ ಮೊದಲ್ನೇ ಸಲ ಒಳಗ ಬಂದು "ಗುಟುರ್" ಅಂದಕೂಡ್ಲೆ ಎಲ್ಲಾ ಕಡಿಂದ ಗುಟುರ್ ಗುಟುರ್ ಗುಟುರ್ ಅಂತ ಬಂತು, ಅದು ಅಂಜಿ ಹೊರಗ ತೋಟಕ್ಕ ಹಾರಿ ಹೋತು, ಗಿಡದ ಮ್ಯಾಲ ಕುಂತು ಸುಧಾರಿಸಿಗೊಂತು, ಆಮ್ಯಾಲ ಬಾಗಲದಾಗ ಕುಂತು ಕೇಳಿತು, ಮರುದಿನ ಒಂಚೂರು ಒಳಗ ಹೋತು. ಇಲ್ಲಿ ಕೂಸಿಗೆ ಸಿಗೂದು ಏನಂದ್ರ, ಗದ್ದಲ ಆದ್ರ ಒಂದ ಕಡಿ ಸರದು ಕುಂದರಬಹುದು, ತಯಾರಾದ ಮ್ಯಾಲ ಬರಬಹುದು. ಇದನ್ನ ಟೀಚರ್‌ಗೂ ಮೊದಲ ಹೇಳಿಡ್ರಿ, ಕೂಸು ಬಾಗಲದಾಗ ಕುಂತ್ರ ಕುಂದರ್ಲಿ ಬಿಡ್ರಿ ಅಂತ.

ಮನ್ಯಾಗ ಹೊಸ ಕೂಸು ಬಂದಿದ್ರ, ಕಥ್ಯಾಗಿನ ಅವ್ವ ಮನ್ಯಾಗ ಏನೇನ ಮಾಡ್ತಾಳ ಅಂತ ಬ್ಯಾಸರ ಬರೂವಂಗ ಹೇಳ್ರಿ: ಬಾಂಡೆ ತಿಕ್ಕಿದಳು, ಅರಿವಿ ಒಗದಳು, ರೊಟ್ಟಿ ಬಡದಳು, ತಮ್ಮ ಮಲಗಿದ್ದ, ಮತ್ತ ಬಾಂಡೆ ತಿಕ್ಕಿದಳು. ಮನ್ಯಾಗ ತನ್ನ ಬಿಟ್ಟು ಏನೂ ಮಜಾ ನಡೆದಿಲ್ಲ ಅಂತ ಗೊತ್ತಾದ್ರ ಅರ್ಧ ಸಂಕಟ ಅಲ್ಲೇ ಇಳೀತೈತಿ.

ಇನ್ನ ಭಾಷಾದ್ದು. ಬೆಳಗಾವಿ ಕಡಿ ಮನ್ಯಾಗ ಮರಾಠಿ, ವಿಜಯಪುರದಾಗ ಎಷ್ಟೋ ಮನ್ಯಾಗ ಉರ್ದು, ತಾಂಡಾದಾಗ ಲಂಬಾಣಿ ಮಾತು, ಸಾಲ್ಯಾಗ ಕನ್ನಡ, ಇಲ್ಲಾ ನರ್ಸರ್‍ಯಾಗ ಇಂಗ್ಲಿಷ್. ಕೂಸಿಗೆ ನೀರು ಬೇಕಂತ ಹೇಳಾಕೂ ಮಾತು ಸಿಗಂಗಿಲ್ಲ, ಅದು ಅಂಜದ ಏನ ಮಾಡ್ತೈತಿ? ಕಥಿನ ಮನಿ ಭಾಷಾದಾಗ ಹೇಳ್ರಿ, ಕಥ್ಯಾಗಿನ ಟೀಚರ್ ಬಾಯಾಗ ಅಷ್ಟ ಸಾಲಿ ಭಾಷಾ ಹಾಕ್ರಿ. "ನೀರು ಬೇಕು", "ಒಂದಕ್ಕ", "ನಂದು", "ಬ್ಯಾಡ", "ಅವ್ವ ಯಾವಾಗ ಬರ್ತಾಳ" ಇಷ್ಟ ಮಾತು ಕಥಿಯೊಳಗ ಪದೇ ಪದೇ ಬಂದ್ರ ಕೂಸು ಅವನ್ನ ಹಾಡಿನಂಗ ಕಲೀತೈತಿ. ಬರೆ ಮಾತು ಕಂಠಪಾಠ ಮಾಡಿಸೂದಕ್ಕಿಂತ ಇದು ಎಷ್ಟೋ ಛಲೋ.

ಯಾವಾಗ ಹೇಳೂದು

ಸಾಲಿ ಶುರು ಆಗೂಕ್ಕಿಂತ ಎರಡು-ಮೂರು ವಾರ ಮೊದಲ ಸಾಕು. ಮಾರ್ಚ್‌ದಾಗ ಶುರು ಮಾಡಿದ್ರ ಕೂಸಿಗೆ ಮೂರು ತಿಂಗಳು ಅದ ಚಿಂತಿ, ಹಿಂದಿನ ದಿನ ರಾತ್ರಿ ಶುರು ಮಾಡಿದ್ರ ಏನೂ ಉಪಯೋಗ ಇಲ್ಲ. ಮೊದಲ್ನೇ ಸಲ ಹಗಲಿನ್ಯಾಗ ಹೇಳ್ರಿ, ಮಾಳಗಿ ಮ್ಯಾಲೋ ಕಟ್ಟಿ ಮ್ಯಾಲೋ ತೊಡಿ ಮ್ಯಾಲ ಕುಂದ್ರಿಸಿಗೊಂಡು, ಕೂಸು ಪ್ರಶ್ನಿ ಕೇಳಾಕ ಟೈಮ್ ಇರಬೇಕು. ಗುರ್ತ ಆದ ಮ್ಯಾಲ ಮಲಗೂ ಮುಂದ ಹೇಳಿದ್ರೂ ನಡೀತೈತಿ. ಊಟ ತುರಕಾಕ ಕಥಿ ಹೇಳೂದು, ಫೋನ್ ನೋಡ್ಕೋತ ಕಥಿ ಹೇಳೂದು, ಎರಡೂ ಬ್ಯಾಡ.

ಅದ ಕಥಿ ದಿನಾ ಹೇಳಿ ನಿಮಗ ಬ್ಯಾಸರ ಬರ್ತೈತಿ, ಕೂಸಿಗೆ ಬರಂಗಿಲ್ಲ. ಮುಂದ ಏನ ಆಗ್ತೈತಿ ಅಂತ ಮೊದಲ ಗೊತ್ತಿರೂದ ಅದಕ್ಕ ಸಮಾಧಾನ. ನೀವು ಒಂದ ಮಾತು ತಪ್ಪಿದ್ರ "ಹಂಗಲ್ಲ, ಎಲಿ ತಿಂದ ಮ್ಯಾಲ ನೀರು" ಅಂತ ತಿದ್ದತೈತಿ, ತಿದ್ದಾಕತ್ತಿತು ಅಂದ್ರ ಕಥಿ ಒಳಗ ಇಳದೈತಿ ಅಂತ ತಿಳ್ಕೋರಿ.

ಆಯಿ-ಮುತ್ಯಾ ಇದ್ದ ಮನ್ಯಾಗ ಈ ಕೆಲಸ ಅವರಿಗೇ ಕೊಡ್ರಿ. ನಮಗಿಂತ ಅವರ ಬಾಯಾಗ ಕಥಿಗೆ ರುಚಿ ಹೆಚ್ಚ. ಮತ್ತ ಒಂದ ಲಾಭ ಐತಿ, "ಅಯ್ಯ ಪಾಪ, ಇಷ್ಟ ಸಣ್ಣ ಕೂಸಿಗೆ ಯಾಕ ಸಾಲಿ" ಅಂತ ಗೇಟಿನ್ಯಾಗ ಕಣ್ಣೀರ ತಗಿಯೂ ಆಯಿನ ದಿನಾ ಚುಕ್ಕಿ ಕಥಿ ಹೇಳಿದ ಮ್ಯಾಲ ಗಟ್ಟಿ ಆಗ್ತಾಳ. ಅಪ್ಪ ಗೋವಾದಾಗೋ ಪುಣೇದಾಗೋ ದುಡಿಯಾಕ ಹೋಗಿದ್ರ ವಾಟ್ಸಾಪ್‌ನಾಗ ಅವನ ದನಿಲೆ ಕಥಿ ರೆಕಾರ್ಡ್ ಮಾಡಿ ಕಳಸಾಕ ಹೇಳ್ರಿ, ಕೂಸು ಅದನ್ನ ಎಷ್ಟ ಸಲ ಬೇಕಾದ್ರೂ ಕೇಳ್ತೈತಿ.

ಇಲ್ಲಿ ಒಂದ ಎಚ್ಚರಿಕಿ. ಅವ್ವನೋ ಅಪ್ಪನೋ ತೀರಿಕೊಂಡ ಕೂಸಿಗೆ, ಇಲ್ಲಾ ದುಡಿಯಾಕ ಹೋಗಿ ತಿಂಗಳುಗಟ್ಟಲೆ ಬರದ ಇರೂ ಅವ್ವ-ಅಪ್ಪನ ಕೂಸಿಗೆ "ಅವ್ವ ಸಂಜಿಗೆ ಬಂದಳು" ಅನ್ನೂ ಕಥಿ ಹೇಳಬ್ಯಾಡ್ರಿ. ಖರೇನ ಯಾರು ಕರಕೊಂಡು ಹೋಗಾಕ ಬರ್ತಾರೋ ಅವರ ಕಥ್ಯಾಗೂ ಬರ್ಲಿ. ಆಯಿ ಬರ್ತಿದ್ರ ಆಯಿ, ಕಾಕಾ ಬರ್ತಿದ್ರ ಕಾಕಾ.

ನಿಮ್ಮ ಸಾಲಿದ ಒಂದ ಫೋಟೋ ಪುಸ್ತಕ

1990ರ ದಶಕದ ಶುರುವಿಗೆ ಅಮೇರಿಕಾದಾಗ ಕ್ಯಾರಲ್ ಗ್ರೇ ಅನ್ನೂ ಟೀಚರ್ ಆಟಿಸಂ (ಮಂದಿ ಜೋಡಿ ಬೆರಿಯಾಕ, ಮಾತಾಡಾಕ ತ್ರಾಸ ಆಗೂ ಸ್ಥಿತಿ) ಇರೂ ಮಕ್ಕಳಿಗಾಗಿ ಒಂದ ರೀತಿ ಹುಡುಕಿದರು, ಮುಂದ ಆಗೂದನ್ನ ಮೊದಲ ಸಣ್ಣ ಕಥಿ ಮಾಡಿ, ಯಾರು ಇರ್ತಾರ, ಏನ ಆಗ್ತೈತಿ ಅಂತ ಇದ್ದದ್ದು ಇದ್ದಂಗ ಹೇಳೂದು. ಅದರಾಗ "ಹಿಂಗ ಮಾಡು, ಹಂಗ ಮಾಡಬ್ಯಾಡ" ಅನ್ನೂ ಮಾತು ಕಡಿಮಿ, "ಹಿಂಗ ಇರ್ತೈತಿ" ಅನ್ನೂ ಮಾತು ಹೆಚ್ಚ. ಈ ರೀತಿ ಸಾಲಿಗೆ ಅಂಜೂ ಯಾವ ಕೂಸಿಗಾದ್ರೂ ಹೊಂದತೈತಿ.

ಮಾಡೂದು ಸರಳ. ಸಾಲಿ ಶುರು ಆಗೂ ಮೊದಲ ಒಂದ ದಿನ ಕೂಸಿನ್ನ ಕರಕೊಂಡ ಹೋಗಿ ಕೇಳಿ ಒಪ್ಪಿಗಿ ತಗೊಂಡು ಫೋಟೋ ತಗೀರಿ: ಗೇಟು, ಚಪ್ಪಲಿ ಬಿಡೂ ಜಾಗ, ಕುಂದ್ರೂ ಚಾಪಿ, ನೀರಿನ ನಳ, ಸಂಡಾಸ, ಟೀಚರ್ ನಗು ಮಾರಿ, ಅಡಗಿ ಮಾಡೂ ಅಕ್ಕಾರು. ಬ್ಯಾರೆ ಮಕ್ಕಳ ಮಾರಿ ಫೋಟೋದಾಗ ಬ್ಯಾಡ. ಝರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಸಿ, ಎಂಟ ಹಾಳಿ ಮಡಚಿ, ನಡುವ ಸೂಜಿ-ದಾರದಲೆ ಹೊಲದು ಬಿಡ್ರಿ. ಕಡೀ ಹಾಳ್ಯಾಗ ಯಾರು ಕರಿಯಾಕ ಬರ್ತಾರೋ ಅವರು ಅದ ಗೇಟಿನ ಮುಂದ ನಿಂತ ಫೋಟೋ. ಕೆಳಗ ಒಂದೊಂದ ಸಾಲು, "ಇಲ್ಲಿ ಚಪ್ಪಲಿ ಬಿಡ್ತೀನಿ. ಇಲ್ಲಿ ನೀರು ಕುಡಿತೀನಿ." ಸಂಡಾಸದ ಫೋಟೋ ಮರೀಬ್ಯಾಡ್ರಿ, ದೊಡ್ಡವರು ಅದನ್ನ ನಾಚಿ ಬಿಡ್ತಾರ, ಮಕ್ಕಳು ಅದನ್ನ ಎಲ್ಲಾಕ್ಕಿಂತ ಹೆಚ್ಚ ನೋಡ್ತಾವು.

ಕಥಿ ಆಡೂದು

ಹೇಳಿದ ಕಥಿನ ಕೂಸು ಕೈಲೆ ಆಡಬೇಕು. ಜೂನ್-ಜುಲೈದಾಗ ಮಣ್ಣೆತ್ತಿನ ಅಮಾಸಿ ಬರ್ತೈತಿ, ಮನಿ ಮನ್ಯಾಗ ಎತ್ತು ಮಾಡಾಕ ಮಣ್ಣು ತರ್ತೀರಿ, ಒಂದ ಮುದ್ದಿ ಹೆಚ್ಚ ತಗೊಂಡು ಚುಕ್ಕಿ, ಚುಕ್ಕಿ ಅವ್ವ, ಆಯಿ ಮಾಡ್ರಿ. ರಟ್ಟಿನ ಡಬ್ಬಿ ಹಟ್ಟಿ ಆತು. ಕೂಸು ಅವ್ವ ಕುರಿನ ಹೊರಗ ಕಳಸ್ತೈತಿ, ಒಳಗ ತರ್ತೈತಿ, ಮತ್ತ ಕಳಸ್ತೈತಿ. ಎಷ್ಟ ಸಲ ಮಾಡಿದ್ರೂ ಬಿಡ್ರಿ, ಹೋಗೂದು-ಬರೂದು ತನ್ನ ಕೈಯಾಗ ಐತಿ ಅನ್ನೂದು ಆವಾಗ ಅದಕ್ಕ ಹತ್ತತೈತಿ.

ಆಮ್ಯಾಲ ಪಾತ್ರ ಬದಲಿ ಮಾಡ್ರಿ. ಕೂಸು ಟೀಚರ್, ನೀವು ಅಳೂ ಕೂಸು. "ನಾ ಒಲ್ಲೆ, ನನಗ ಅವ್ವ ಬೇಕು" ಅಂತ ಅಳ್ರಿ. ಅದು ನಿಮಗ ಏನ ಹೇಳಿ ಸಮಾಧಾನ ಮಾಡ್ತೈತಿ ನೋಡ್ರಿ. ಅದು ಹೇಳಿದ ಮಾತು ಬರದು ಟೀಚರ್‌ಗೆ ಕೊಡ್ರಿ, ಕೂಸು ಅಳೂ ಮುಂದ ನಮಗ ಆ ಮಾತ ಉಪಯೋಗಕ್ಕ ಬರ್ತಾವು. ಒಂದ ವ್ಯಾಳ್ಯಾ ಅದು ಕೋಲು ಹಿಡದು "ಸುಮ್ನ ಕುಂದ್ರು, ಹೊಡಿತೀನಿ" ಅಂದ್ರ, ಅದರ ತಲ್ಯಾಗ ಟೀಚರ್ ಅಂದ್ರ ಯಾರು ಅಂತ ನಿಮಗ ಗೊತ್ತಾತು, ಅಲ್ಲಿಂದ ಹೊಸಾ ಕಥಿ ಕಟ್ರಿ.

ಗೇಟಿನ ಮುಂದ

ಮೊದಲ್ನೇ ದಿನ ಕಥ್ಯಾಗಿನ ಹಂಗ ಮಾಡ್ರಿ. ಹಣಿಗೆ ಒಂದ ಮುತ್ತು ಕೊಟ್ಟು, ಕಥಿ ಮಾತು ಹೇಳಿ, "ಹಾಡು, ಆಟ, ಊಟ, ಆಮ್ಯಾಲ ನಾ ಬರ್ತೀನಿ", ಹೊಳ್ಳಿ ಒಂದ ಸಲ "ಬ್ಯಾ" ಅಂದು ಹೋಗಿಬಿಡ್ರಿ. ಒಂದ ನಿಮಿಷದ ಕೆಲಸ. ಕೂಸು ಆಟದಾಗ ಇದ್ದಾಗ ಹಿಂದಿನಿಂದ ಸುಮ್ನ ಹೋಗೂದು ಮಾಡಬ್ಯಾಡ್ರಿ. ಅವತ್ತ ಅಳು ಇರಂಗಿಲ್ಲ, ಖರೇ, ಆದ್ರ ಮರುದಿನದಿಂದ ಕೂಸು ಆಟ ಆಡಂಗಿಲ್ಲ, ಬಾಗಲಾ ಕಾಯ್ತೈತಿ. ಹೋಗಿ ಮತ್ತ ಕಿಡಕ್ಯಾಗ ಇಣಕೂದೂ ಬ್ಯಾಡ.

ಕಿಸೆದಾಗ ಅವ್ವನ ಹಳೀ ಇಳಕಲ್ ಸೀರಿದ ಒಂದ ಸಣ್ಣ ತುಂಡು ಹಾಕಿ ಕಳಸ್ರಿ, ಒಗೀದ ಇದ್ದದ್ದು, ಅವ್ವನ ವಾಸನಿ ಇರಬೇಕು. ಇಂಥಾ ಅರಿವಿ, ಗೊಂಬಿ ಹಿಡ್ಕೊಂಡು ಮಕ್ಕಳು ಹೆಂಗ ಸಮಾಧಾನ ತಗೋತಾವು ಅಂತ ಬ್ರಿಟನ್ನಿನ ಮಕ್ಕಳ ಡಾಕ್ಟರ್ ಡೊನಾಲ್ಡ್ ವಿನಿಕಾಟ್ 1950ರ ದಶಕದಾಗ ಬರದಾರ, ನಮ್ಮ ಆಯಿಗಳು ಅದಕ್ಕಿಂತ ಎಷ್ಟೋ ಮೊದಲ ಸೆರಗಿನ ತುಂಡು ಕೊಟ್ಟು ತೊಟ್ಟಿಲಾಗ ಮಲಗಸ್ತಿದ್ದರು. ಚುಕ್ಕಿಗೆ ಅವ್ವನ ಉಣ್ಣಿ ಒಂದ ಎಳಿ ಸಿಕ್ತು ಅಂತ ಕಥ್ಯಾಗೂ ಸೇರಸ್ರಿ.

ಮತ್ತ ಹೇಳಿದ ಟೈಮಿಗೆ ಬರ್ರಿ. ಮೊದಲ್ನೇ ವಾರ ಹತ್ತು ನಿಮಿಷ ಮುಂಚೆನ ಬಂದು ನಿಂದರ್ರಿ. ಕಥ್ಯಾಗ ಅವ್ವ ಬಂದಳು, ಖರೇ ಅವ್ವ ಬರಲಿಲ್ಲ ಅಂದ್ರ ಇಷ್ಟು ದಿನ ಹೇಳಿದ್ದೆಲ್ಲಾ ಹೊಳ್ಯಾಗ ಹೋತು.

ಮನಿಗೆ ಬಂದ ಮ್ಯಾಲ "ಅತ್ತೇನು? ಯಾರರ ಹೊಡದರೇನು? ಏನ ಕಲಸಿದರು?" ಅಂತ ಬೆನ್ನ ಹತ್ತಬ್ಯಾಡ್ರಿ. ಮೊದಲ ಏನರ ತಿನಸ್ರಿ. ಸಂಜಿಮುಂದ "ಇವತ್ತ ಚುಕ್ಕಿ ಹಟ್ಟ್ಯಾಗ ಏನ ಮಾಡಿತು?" ಅಂತ ಕೇಳ್ರಿ. "ಚುಕ್ಕಿ ಅತ್ತಿತು, ಆಮ್ಯಾಲ ಉಪ್ಪಿಟ್ಟು ತಿಂತು" ಅಂದ್ರ ಅದರ ದಿನ ಹೆಂಗ ಹೋತು ಅಂತ ನಿಮಗ ಗೊತ್ತಾತು. ದಿನ ಹೋಧಂಗ ಚುಕ್ಕಿ ಅಳೂದು ಕಥ್ಯಾಗ ಕಡಿಮಿ ಆಗ್ತೈತಿ, ಹೊಸ ಗೆಳ್ಯಾರು ಬರ್ತಾರ, ಒಂದಿನ "ಚುಕ್ಕಿ ಕಥಿ ಬ್ಯಾಡ, ಹುಲಿದ ಹೇಳು" ಅಂತೈತಿ.

ಕಥಿ ಸಾಲದ ಇದ್ದಾಗ

ಮೊದಲ ಎರಡು-ಮೂರು ವಾರ ಬಿಡೂ ಮುಂದ ಅಳೂದು ಸಾಮಾನ್ಯ. ಬಿಟ್ಟು ಸ್ವಲ್ಪ ಹೊತ್ತಿಗೆ ಸುಮ್ನಾಗಿ ಆಟಕ್ಕ ಹತ್ತಿದ್ರ ಚಿಂತಿ ಬ್ಯಾಡ, ಟೀಚರನ್ನ ಕೇಳಿ ತಿಳ್ಕೋರಿ. ನಾಕು ವಾರ ದಾಟಿದ ಮ್ಯಾಲೂ ದಿನಪೂರ್ತಿ ಅಳು, ವಾಂತಿ, ಊಟ-ನಿದ್ದಿ ಇಲ್ಲ, ಬಿಟ್ಟಿದ್ದ ಹಾಸಿಗ್ಯಾಗಿನ ಒಂದಕ್ಕ ಮತ್ತ ಶುರು, ಸಾಲ್ಯಾಗ ಒಂದ ಮಾತೂ ಆಡಂಗಿಲ್ಲ ಅಂದ್ರ ಮಕ್ಕಳ ಡಾಕ್ಟರ್‌ಗೆ ತೋರಸ್ರಿ. ಮುಂದ ಬೇಕಂದ್ರ ನಮಗ ಹತ್ತಿರ ಧಾರವಾಡದ ಡಿಮ್ಹಾನ್ಸ್ ಅನ್ನೂ ಸರಕಾರಿ ಮಾನಸಿಕ ಆರೋಗ್ಯದ ದವಾಖಾನಿ ಐತಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡಿದ್ರ ರೊಕ್ಕ ಇಲ್ಲದ ಕನ್ನಡದಾಗ ಮಾತಾಡ್ತಾರ.

ಛಲೋ ಹೋಗಾಕತ್ತಿದ್ದ ಕೂಸು ಒಮ್ಮಿಂದೊಮ್ಮೆ ಒಲ್ಲೆ ಅಂದ್ರ, ಅದೂ ಯಾರೋ ಒಬ್ಬರ ಹೆಸರು ಹೇಳಿ ಇಲ್ಲಾ ಮೈ ಮುಟ್ಟಿದ್ರ ಅಂಜಿದ್ರ, ಕಥಿ ಹೇಳಿ ಸಮಾಧಾನ ಮಾಡಿ ಕಳಸಬ್ಯಾಡ್ರಿ. ಕೂಸಿನ್ನ ನಂಬ್ರಿ, ಅದು ಹೇಳೂದನ್ನ ಪೂರ್ತಿ ಕೇಳ್ರಿ, ಏನಾಗೈತಿ ಅಂತ ತಿಳಕೊಳ್ಳೂತನಕ ಮನ್ಯಾಗ ಇಟ್ಕೋರಿ. ಮಕ್ಕಳ ಸಹಾಯವಾಣಿ 1098.

ದಸರಾ ಸೂಟಿ ಆದ ಮ್ಯಾಲ ಭಾಳ ಮಕ್ಕಳಿಗೆ ಅಂಜಿಕಿ ಮತ್ತ ಬರ್ತೈತಿ, ಜ್ವರ ಬಂದು ವಾರ ಮನ್ಯಾಗ ಇದ್ದು ಹೋದ್ರೂ ಅಷ್ಟ. ಆವಾಗ ಹೊಸಾ ಕಥಿ ಹುಡುಕೂದು ಬ್ಯಾಡ, ಸಾಲಿ ಶುರು ಆಗೂ ಎರಡು ದಿನ ಮೊದಲ ಆ ಫೋಟೋ ಪುಸ್ತಕ ತಗದು ಕೂಸಿನ ಕೈಯಾಗ ಕೊಟ್ಟು ಅದರ ಬಾಯಿಲೆನ ಓದಸ್ರಿ.